ಗಾಯಮ್ಮನ ಅಳಿಯ

ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾವುದು ಇವತ್ತು ಬರುವುದೇ ಇಲ್ಲ ಎಂದು ಸಾರುತ್ತಲೇ ಆಯುಷ್ಯ ಕಳೆದವಳಿಗೆ ನಿವೃತ್ತಿಯಾದ ಮೇಲೆ ಕೇಳುವವರೇ ಇಲ್ಲದಂತಾಯಿತು. ಮನೆಯಲ್ಲಿದ್ದವರು ಮಗಳು ಮತ್ತು ಅಳಿಯ. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದರೆ ತಾಯಿಯ ಮೊಣಕಾಲು, ತಾಯಿಯ ಬಿಪಿ, ತಾಯಿ ಗ್ಯಾಸ್ ಆರಿಸಿದಳೋ ಇಲ್ಲವೋ ಎಂಬ ಚಿಂತೆಯಲ್ಲೇ ಊಟ ಮುಗಿಸುವವಳು. ಅಳಿಯ ನೀರಿನ ಪಂಪು ಕೂರಿಸುವ ಇಂಜಿನಿಯರು, ಬೆಣ್ಣೆಯಂಥ ಮನುಷ್ಯ. ಅತ್ತೆ ಕೋಣೆಗೆ ಬಂದರೆ ಎದ್ದು ನಿಲ್ಲುತ್ತಿದ್ದ. ಫ್ಯಾನು ಹಾಕಲೇ ಎಂದು ಕೇಳುತ್ತಿದ್ದ, ಆರಿಸಲೇ ಎಂದೂ ಕೇಳುತ್ತಿದ್ದ. ಮದುವೆಯಾದಾಗಿನಿಂದ ಅವಳೆದುರು ಅವನ ಬಾಯಿಂದ 'ಇಲ್ಲ' ಅನ್ನುವ ಮಾತು ಒಮ್ಮೆಯೂ ಉದುರಿರಲಿಲ್ಲ. ಅಕ್ಕಪಕ್ಕದವರು ನೀವು ಪುಣ್ಯವಂತರು ಅನ್ನುತ್ತಿದ್ದರು. ಅವಳಿಗೆ ಮಾತ್ರ ಒಳಗೊಳಗೇ ಕಿರಿಕಿರಿ. ಎಲ್ಲದಕ್ಕೂ ಹೂಂ ಅನ್ನುವವನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವುದು ಹೇಗೆ?

ಅಂಥ ಹೊತ್ತಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಗಾಯಾಳುಗಳಾಗಿ ನಟಿಸಲು ಜನ ಬೇಕು, ಅನುಭವ ಬೇಕಿಲ್ಲ, ದನಿ ಜೋರಾಗಿದ್ದರೆ ಒಳ್ಳೆಯದು ಎಂದಿತ್ತು. ಊರಾಚೆಯ ಒಂದು ಮುಚ್ಚಿದ ನೂಲಿನ ಗಿರಣಿಯಲ್ಲಿ ತರಬೇತಿ ನಡೆಯುತ್ತಿತ್ತು. ಗುಂಡು ಹಾರುವ, ಗೋಡೆ ಕುಸಿಯುವ, ಆಸ್ಪತ್ರೆ ಹತ್ತಿರವಿಲ್ಲದ ಜಾಗಗಳಿಗೆ ಕೆಲಸದ ಮೇಲೆ ಹೋಗುವವರು ಅಲ್ಲಿಗೆ ಬರುತ್ತಿದ್ದರು. ಪೆಟ್ಟಾದ ಮನುಷ್ಯನನ್ನು ವೈದ್ಯರ ಕೈಗೆ ಒಪ್ಪಿಸುವ ತನಕ ಜೀವಂತ ಇಟ್ಟುಕೊಳ್ಳುವುದು ಹೇಗೆಂದು ಕೈಯಾರೆ ಮಾಡಿ ಕಲಿಯಬೇಕಿತ್ತು. ಕಲಿಸುವವರು ಸೇನೆಯಲ್ಲಿ ಗಾಯಾಳುಗಳನ್ನು ಹೊತ್ತು ಹೊತ್ತು ಬೆನ್ನು ಬಾಗಿಸಿಕೊಂಡಿದ್ದ ಒಬ್ಬ ಗಿಡ್ಡ ಮನುಷ್ಯ. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು.

ಮಗಳ ಹತ್ತಿರ ಮಾತು ತೆಗೆದರೆ, ನೆಲದ ಮೇಲೆ ಹೊರಳಾಡೋ ವಯಸ್ಸಾ ನಿನ್ನದು ಎಂದು ಅವಳು ಜಾಹೀರಾತಿದ್ದ ಪೇಪರನ್ನೇ ಮಡಚಿ ಕಿಟಕಿಯ ಗಾಜು ಒರೆಸಲು ತೆಗೆದುಕೊಂಡುಬಿಟ್ಟಳು. ಹಾಗಾಗಿ ಮನೆಯವರ ಲೆಕ್ಕದಲ್ಲಿ ಅಮ್ಮ ಸೇರಿದ್ದು ಹಾಡಿನ ಕ್ಲಾಸಿಗೆ. ಸಂಜೆ ಗಂಟಲು ಕಟ್ಟಿಕೊಂಡು ಬಂದಾಗ ಮಗಳು ಬಿಸಿನೀರು ಕೊಟ್ಟು, ಇಷ್ಟೊಂದು ಅಭ್ಯಾಸ ಯಾಕಮ್ಮ ಎಂದು ಗದರುತ್ತಿದ್ದಳು.

ಗಿರಣಿಯಲ್ಲಿ ಅವಳಿಗೆ ಗಾಯಮ್ಮ ಎಂಬ ಹೆಸರು ತಾನಾಗಿಯೇ ಅಂಟಿತು. ಅವಳ ಚೀರಾಟಕ್ಕೆ ಹಾದಿಯಲ್ಲಿ ಹೋಗುತ್ತಿದ್ದ ಲಾರಿಯೊಂದು ಬ್ರೇಕ್ ಹಾಕಿ ನಿಂತಿದ್ದುಂಟು. ಗಾಯ ಮಾಡುವ ಕೆಲಸ ಬಣ್ಣದಾಕೆಯದು. ಮೇಣದಿಂದ ಸೀಳಿದ ಚರ್ಮ, ಸಕ್ಕರೆ ಪಾಕಕ್ಕೆ ಕೆಂಪು ಬೆರೆಸಿದ ರಕ್ತ, ಕಂಕುಳಲ್ಲಿ ಅಡಗಿಸಿದ, ಆ ಪಾಕ ತುಂಬಿದ ರಬ್ಬರ್ ಚೀಲದಿಂದ ಕಾಲಿನ ತನಕ ಇಳಿಬಿಟ್ಟ ತೆಳ್ಳನೆ ಕೊಳವೆ. ತೋಳು ಒತ್ತಿದರೆ ರಕ್ತ ಚಿಮ್ಮಬೇಕು. ಸಕ್ಕರೆಯ ದೆಸೆಯಿಂದ ಇರುವೆ ಕಾಟ ವಿಪರೀತ. ಸಾಯುವ ಪಾತ್ರದವರು ಕಚ್ಚಿಸಿಕೊಂಡೂ ಅಲ್ಲಾಡದೆ ಮಲಗಬೇಕಿತ್ತು. ಆ ಪಾತ್ರಕ್ಕೆ ಒಬ್ಬನೇ ತಕ್ಕವನಿದ್ದ, ಹತ್ತಿರದ ಕ್ಷೌರದಂಗಡಿಯ ದಢೂತಿ ಮಾಲೀಕ. ಪ್ರಜ್ಞೆ ತಪ್ಪಿದವನಂತೆ ಮಲಗು ಎಂದರೆ ಅವನು ನಿಜವಾಗಿಯೇ ನಿದ್ದೆ ಹೋಗಿಬಿಡುತ್ತಿದ್ದ. ಎಲ್ಲರಿಗೂ ಅವನು ನಿದ್ದೆರಾಯ. ಅವನ ಗೊರಕೆಗೂ ಮೇಷ್ಟ್ರು ಪಾಠದಲ್ಲಿ ಜಾಗ ಮಾಡಿಕೊಟ್ಟಿದ್ದರು. ಪೆಟ್ಟು ಬಿದ್ದವನು ಗೊರಕೆ ಹೊಡೆದರೆ ಸುಖನಿದ್ದೆ ಅಂದುಕೊಳ್ಳಬೇಡಿ, ನಾಲಿಗೆ ಹಿಂದಕ್ಕೆ ಬಿದ್ದು ಉಸಿರುದಾರಿ ಮುಚ್ಚುತ್ತಿದೆ ಅಂತ ಅರ್ಥ ಎಂದು ಅವನನ್ನೇ ತೋರಿಸಿ ಹೇಳುತ್ತಿದ್ದರು.

ಒಂದು ಸೋಮವಾರ ಹೊಸ ತಂಡ ಬಂತು. ತಂಡದವರ ಮುಖ ಗಾಯಾಳುಗಳಿಗೆ ಮೊದಲೇ ಕಾಣುವಂತಿಲ್ಲ. ನಾಟಕ ಹದಗೆಡುತ್ತದೆ ಎಂಬ ನಿಯಮ. ಗಾಯಮ್ಮ ಗಿರಣಿಯ ಕತ್ತಲೆ ಹಜಾರದಲ್ಲಿ ಮಗುಚಿದ ಮೇಜಿನ ಕೆಳಗೆ ಮಲಗಿದ್ದಳು. ಎಡಗಾಲು ನೆಲದ ಹಲಗೆಯ ಕಿಂಡಿಯಲ್ಲಿ ಇಳಿಬಿಟ್ಟು, ಮೊಣಕಾಲ ಕೆಳಗೆ ಬಣ್ಣದಾಕೆ ಮಾಡಿದ ತುಂಡುಗಾಲು ಜೋಡಿಸಲಾಗಿತ್ತು. ಹೊಗೆ ಬಿಟ್ಟರು. ಸ್ಫೋಟದ ಸದ್ದು ಹಾಕಿದರು. ಇನ್ನೇನು ಚೀರಬೇಕು, ಬಾಗಿಲ ಹತ್ತಿರ ಯಾರೋ ಮೆಲ್ಲಗೆ, "ಒಳಗೆ ಬರಬಹುದಾ?" ಎಂದು ಕೇಳಿದರು.

ಬಾಂಬು ಬಿದ್ದ ಜಾಗಕ್ಕೆ ಒಪ್ಪಿಗೆ ಕೇಳಿ ಬರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಬೆಳಿಗ್ಗೆ ತಾನೇ ಅವನು ಆಫೀಸಿನಲ್ಲಿ ಕಂಪ್ಯೂಟರ್ ತರಬೇತಿ ಇದೆ ಎಂದು ಹೇಳಿ ಟಿಫನ್ ಡಬ್ಬಿ ಹಿಡಿದು ಹೋಗಿದ್ದ.

ಆದರೆ ಕೆಲಸ ಕೆಲಸವೇ. ಗಾಯಮ್ಮ ಕಣ್ಣು ಮುಚ್ಚಿ, ಶ್ವಾಸ ಎಳೆದು, ಕೊನೆಯ ಬಸ್ಸು ತಪ್ಪಿಸಿಕೊಂಡ ಇಡೀ ಊರಿನ ಪರವಾಗಿ ಎಂಬಂತೆ ಚೀರಿದಳು. ತೋಳು ಒತ್ತಿದಳು. ರಕ್ತ ಚಿಮ್ಮಿತು. ಹೊಗೆಯೊಳಗಿಂದ ಬಂದ ಟಾರ್ಚು ಮೊದಲು ತುಂಡುಗಾಲಿನ ಮೇಲೆ ಬಿತ್ತು, ಆಮೇಲೆ ಮುಖದ ಮೇಲೆ ಬಂತು, ಅಲ್ಲೇ ನಿಂತಿತು.

"ಅತ್ತೆ," ಅಂದ ಅಳಿಯ. ಅಷ್ಟೇ. ಕಡಿದ ಬಾಳೆಯ ಹಾಗೆ ನೆಲಕ್ಕೆ ಬಿದ್ದ.

ಆಮೇಲೆ ಆದದ್ದನ್ನು ಗಿರಣಿಯಲ್ಲಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಕಾಲು ಕಳೆದುಕೊಂಡ ಹೆಂಗಸು ಕಿಂಡಿಯಿಂದ ಕಾಲು ಎಳೆದುಕೊಂಡು ಎದ್ದಳು. ಬಿದ್ದವನ ಶರ್ಟಿನ ಮೇಲಿನ ಗುಂಡಿ ಬಿಚ್ಚಿದಳು, ಅವನ ಎರಡೂ ಕಾಲು ಎತ್ತಿ ಸ್ಟೂಲಿನ ಮೇಲಿಟ್ಟಳು, ಒಂದು ರಟ್ಟು ತೆಗೆದುಕೊಂಡು ಗಾಳಿ ಹಾಕುತ್ತಾ ಕೂತಳು. ಮೇಷ್ಟ್ರು ಬಂದು ನೋಡಿದರು. ರಕ್ಷಣೆಗೆ ಬಂದವನನ್ನು ಗಾಯಾಳುವೇ ಉಪಚರಿಸಿದ್ದು ತಮ್ಮ ಸರ್ವಿಸ್ಸಿನಲ್ಲೇ ಮೊದಲು ಎಂದು ಹೇಳಿ, ಇಬ್ಬರಿಗೂ ಚಹಾ ಕೊಡಿಸಲು ಹೇಳಿದರು.

ಚಹಾ ಕುಡಿಯಲು ಅವರು ಕೂತದ್ದು ಹಳೇ ನೂಲಿನ ಉರುಳೆಗಳನ್ನು ರಾಶಿ ಹಾಕಿದ್ದ ಕೋಣೆಯ ಹಿಂದೆ. ಅಳಿಯನ ಮುಖ ಇನ್ನೂ ಸುಣ್ಣದ ಹಾಗಿತ್ತು. ಅವನು ಅತ್ತೆಯ ಕಾಲನ್ನೇ ನೋಡುತ್ತಿದ್ದ, ಎರಡಿವೆಯೇ ಎಂದು ಖಾತ್ರಿ ಮಾಡಿಕೊಳ್ಳುವವನಂತೆ. ಹಾಡಿನ ಕ್ಲಾಸು ಅಂತಿದ್ರಲ್ಲ ಎಂದು ಅವನು ಕೇಳಿದ. ಕಂಪ್ಯೂಟರ್ ತರಬೇತಿ ಅಂದಿದ್ರಲ್ಲ ಎಂದು ಅವಳು ಕೇಳಿದಳು. ಇಬ್ಬರೂ ಲೋಟದೊಳಗೆ ನೋಡಿಕೊಂಡರು.

ಕೊನೆಗೆ ಅವನೇ ಬಾಯಿಬಿಟ್ಟ. ಗಡಿಯಾಚೆಯ ಒಂದು ಊರಿನಲ್ಲಿ ಕಾಳಗ ನಡೆದು ನೀರಿನ ಪೈಪುಗಳೆಲ್ಲ ಒಡೆದುಹೋಗಿದ್ದವು. ಊರಿಗೆ ಊರೇ ಕೊಡ ಹಿಡಿದು ಹೊಳೆಗೆ ನಡೆಯುತ್ತಿತ್ತು, ಹೊಳೆದಾರಿಯಲ್ಲೂ ಗುಂಡು ಹಾರುತ್ತಿತ್ತು. ಪಂಪು ಕೂರಿಸಲು ಜನ ಬೇಕೆಂದಾಗ ಇವನು ಕೈ ಎತ್ತಿದ್ದ. ಮೂರು ತಿಂಗಳ ಕೆಲಸ. ಈ ತರಬೇತಿ ಪಾಸಾದರಷ್ಟೇ ಕಳಿಸುತ್ತಾರೆ. ಹೆಂಡತಿಗೆ ಸಮುದ್ರ ದಂಡೆಯ ಯಾವುದೋ ಊರಿನ ಹೆಸರು ಹೇಳಿದ್ದ.

ಗಾಯಮ್ಮ ಲೋಟ ಕೆಳಗಿಟ್ಟಳು. ಇಷ್ಟು ದಿನ ಅವಳು ಕಾಲು ಕಳೆದುಕೊಂಡಿದ್ದೂ, ಹೊಟ್ಟೆ ಸೀಳಿಸಿಕೊಂಡಿದ್ದೂ, ಸತ್ತಿದ್ದೂ ಎಲ್ಲ ಪಾಕದ ರಕ್ತದಲ್ಲಿ, ಸಂಜೆ ಸೋಪು ಹಾಕಿದರೆ ಹೋಗುವಂಥದ್ದು. ಇಂಥದ್ದು ನಿಜವಾಗಿ ಆಗುವ ಊರೊಂದು ಇದೆ, ಅಲ್ಲಿಗೆ ತನ್ನ ಮನೆಯವನೇ ಹೋಗುತ್ತಾನೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಬೇಡ ಬಿಡಿ, ಇಲ್ಲೇ ಬೇಕಾದಷ್ಟು ಪಂಪು ಕೆಟ್ಟಿವೆ ಅಂದಳು. ಹೂಂ ಅತ್ತೆ ಎನ್ನುತ್ತಾನೆ, ಇಲ್ಲಿಗೆ ಮುಗಿಯಿತು ಅಂದುಕೊಂಡಳು.

"ಇಲ್ಲ ಅತ್ತೆ," ಅಂದ ಅಳಿಯ. "ಹೋಗ್ತೀನಿ."

ದನಿ ಮೆತ್ತಗೇ ಇತ್ತು. ಆದರೆ ಮಾತು ಕಲ್ಲು ಇಟ್ಟ ಹಾಗೆ ಕೂತಿತ್ತು. ಗಾಯಮ್ಮ ಅವನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಸಂಕಟವಾಯಿತು, ಜೊತೆಗೇ ಏನೋ ಒಂದು ಬಗೆಯ ಸಮಾಧಾನವೂ ಆಯಿತು. ಇವನ ಹೊಟ್ಟೆಯೊಳಗೆ ಇಂಥದ್ದೊಂದು ಇತ್ತು ಅಂತಾಯಿತು. ಆಗ ಅವಳು ಎರಡು ತೀರ್ಮಾನ ಮಾಡಿದಳು. ಮಗಳಿಗೆ ಸದ್ಯಕ್ಕೆ ಹೇಳುವುದು ಬೇಡ, ಹೇಳಿದರೆ ತನ್ನ ಹಾಡಿನ ಕ್ಲಾಸೂ ಬಯಲಾಗುತ್ತದೆ. ಎರಡನೆಯದು, ಇವನು ಹೋಗುವುದೇ ನಿಜವಾದರೆ ತನ್ನ ಕೈಯಲ್ಲಿ ಸುಲಭಕ್ಕೆ ಪಾಸಾಗಕೂಡದು.

ಮಾರನೆಯ ದಿನ ರಕ್ತ ನಿಲ್ಲಿಸುವ ಪಟ್ಟಿಯ ಪಾಠ. ತೊಡೆಯ ಮೇಲ್ಭಾಗಕ್ಕೆ ಸುತ್ತಿ, ಅದರ ಪುಟ್ಟ ಕೋಲನ್ನು ತಿರುಗಿಸುತ್ತಾ ಹೋಗಬೇಕು. ಪಾದದ ನಾಡಿ ನಿಂತಿತು ಅನ್ನುವ ತನಕ ಬಿಗಿಯಬೇಕು. ಅಳಿಯ ಮೇಷ್ಟ್ರ ಹತ್ತಿರ ಹೋಗಿ, ನನಗೆ ಬೇರೆ ಗಾಯಾಳುವನ್ನು ಕೊಡಿ, ಅವರು ನಮ್ಮ ಅತ್ತೆ ಎಂದು ಬೇಡಿಕೊಂಡ. ನೀವು ಹೋಗುವ ಊರಲ್ಲಿ ಬೀಳುವವನು ನಿಮ್ಮ ಜೊತೆ ಬೆಳಿಗ್ಗೆ ತಿಂಡಿ ತಿಂದವನೇ ಆಗಿರುತ್ತಾನೆ, ಅತ್ತೆಯೇ ಸರಿ ಎಂದು ಅವರು ಕಳಿಸಿಬಿಟ್ಟರು.

ಅವನು ಬಂದು ಮಂಡಿಯೂರಿ ಕೂತ. ಹಳೇ ಪೈಜಾಮದ ಮೇಲಿಂದ ಪಟ್ಟಿ ಸುತ್ತಿದ. ಉಡುಗೊರೆ ಡಬ್ಬಿಗೆ ರಿಬ್ಬನ್ ಕಟ್ಟುವ ಹಾಗಿತ್ತು. ಕೋಲು ಅರ್ಧ ಸುತ್ತು ತಿರುಗಿಸಿ, ನೋವಾಯ್ತಾ ಅತ್ತೆ ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಷ್ಟನ್ನೂ ಸಡಿಲ ಮಾಡಿದ. ಗಾಯಮ್ಮ ತೋಳು ಒತ್ತಿದಳು. ರಕ್ತ ಅವನ ಶರ್ಟಿನ ಮೇಲೆ ಚಿಮ್ಮಿತು. ಮತ್ತೆ ಬಿಗಿದ, ಮತ್ತೆ ಕ್ಷಮೆ ಕೇಳಿದ, ಮತ್ತೆ ಚಿಮ್ಮಿತು.

ಮೇಷ್ಟ್ರು ಬೆನ್ನ ಹಿಂದೆ ನಿಂತಿದ್ದರು. "ಇಷ್ಟು ಮರ್ಯಾದೆಯಿಂದ ಕಟ್ಟಿದರೆ ಅವರು ಮರ್ಯಾದೆಯಿಂದಲೇ ಸಾಯ್ತಾರೆ," ಅಂದರು.

ಗಾಯಮ್ಮನಿಗೆ ರೇಗಿತು. ಇವನು ಈ ಕೈಯಲ್ಲಿ ಅಲ್ಲಿಗೆ ಹೋಗುತ್ತಾನೆಯೇ? ಅವಳು ನಟನೆ ಬಿಟ್ಟಳು. ತಲೆ ಎತ್ತಿ, ಅವನಿಗೆ ಮಾತ್ರ ಕೇಳುವ ಹಾಗೆ, ಈವರೆಗೂ ಇಟ್ಟುಕೊಂಡಿದ್ದ ಬಹುವಚನವನ್ನೂ ಪಕ್ಕಕ್ಕಿಟ್ಟು ಹೇಳಿದಳು: "ನನ್ನ ಮುಖ ನೋಡಬೇಡ. ಕಾಲು ನೋಡು. ಬಿಗಿ."

ಅವನು ಹಲ್ಲು ಕಚ್ಚಿದ. ವಾಲ್ವು ತಿರುಗಿಸಿ ಅಭ್ಯಾಸವಿದ್ದ ಕೈ ಅದು. ಒಮ್ಮೆ ಮನಸ್ಸು ಗಟ್ಟಿಯಾದ ಮೇಲೆ ಕೈಗೆ ಹೇಳಿಕೊಡಬೇಕಾಗಲಿಲ್ಲ. ಕೋಲು ತಿರುಗಿತು, ಇನ್ನೂ ತಿರುಗಿತು. ಗಾಯಮ್ಮನಿಗೆ ನಕ್ಷತ್ರ ಕಾಣಿಸಿತು. ಬಸ್ ನಿಲ್ದಾಣದ ಕಂಡಕ್ಟರುಗಳಿಂದ ಕಲಿತ, ಮನೆಯಲ್ಲಿ ಯಾರೂ ಕೇಳಿರದ ಒಂದು ಬೈಗುಳ ಅವಳ ಬಾಯಿಂದ ಪಾತ್ರಕ್ಕೆ ಸಂಬಂಧವಿಲ್ಲದೆ ಹೊರಬಿತ್ತು. ಅಳಿಯ ಸಡಿಲಿಸಲಿಲ್ಲ. ಪಾದ ಮುಟ್ಟಿ ನೋಡಿದ, ನಾಡಿ ಇಲ್ಲ ಅಂದ, ಕಟ್ಟಿದ ಸಮಯವನ್ನು ಪಟ್ಟಿಯ ಮೇಲೆ ಬರೆದ. ಮೇಷ್ಟ್ರು ಬಿಚ್ಚು ಅಂದ ಮೇಲಷ್ಟೇ ಬಿಚ್ಚಿದ. ಆಮೇಲೆ ಅಷ್ಟು ಹೊತ್ತು ತಡೆದಿಟ್ಟಿದ್ದ ಕ್ಷಮೆಯನ್ನೆಲ್ಲ ಒಟ್ಟಿಗೆ ಕೇಳಿದ. ಗಾಯಮ್ಮ ತೊಡೆ ನೀವಿಕೊಳ್ಳುತ್ತಾ, ಪರವಾಗಿಲ್ಲ ಕಣೋ ಅಂದಳು. ಅವನನ್ನು ಅವಳು ಹಾಗೆ ಕರೆದದ್ದೂ ಅದೇ ಮೊದಲು.

ಆ ಸಂಜೆ ಮನೆಯಲ್ಲಿ ಇಬ್ಬರೂ ಒಳ್ಳೆಯ ಮಕ್ಕಳಂತೆ ಊಟಕ್ಕೆ ಕೂತಿದ್ದರು. ಹಾಡಿನ ಕ್ಲಾಸು ಹೇಗಿತ್ತು ಎಂದು ಮಗಳು ಕೇಳಿದಳು. ಮೇಲಿನ ಸ್ವರಗಳಿಗೆ ಸ್ವಲ್ಪ ಎಳೆಯಬೇಕಾಯಿತು ಎಂದು ತಾಯಿ ಹೇಳಿದಳು. ಕಂಪ್ಯೂಟರ್ ತರಬೇತಿಯಲ್ಲಿ ಏನು ಹೇಳಿಕೊಟ್ಟರು ಎಂದು ಗಂಡನನ್ನು ಕೇಳಿದಳು. ಮುಖ್ಯವಾಗಿ ಬಿಗಿ ಮಾಡುವುದನ್ನು ಎಂದು ಹೇಳಿ ಅವನು ನಾಲಿಗೆ ಕಚ್ಚಿಕೊಂಡ. ಫೈಲುಗಳನ್ನು ಎಂದು ಅತ್ತೆ ಸೇರಿಸಿದಳು. ಮಗಳು ಇಬ್ಬರನ್ನೂ ನೋಡಿದಳು. ಒಂದೇ ಮನೆಯಲ್ಲಿದ್ದೂ ನೆಂಟರ ಹಾಗಿದ್ದ ಇವರಿಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುವಷ್ಟು ಹತ್ತಿರವಾದದ್ದು ಯಾವಾಗ ಎಂದು ಅವಳಿಗೆ ಬಗೆಹರಿಯಲಿಲ್ಲ.

ಗುಟ್ಟು ರಟ್ಟು ಮಾಡಿದ್ದು ಇರುವೆಗಳು. ಊಟವಾದ ಮೇಲೆ ಮಗಳು ನಡುಮನೆ ಗುಡಿಸುತ್ತಾ ಗೋಡೆಯುದ್ದಕ್ಕೂ ಒಂದು ಕಪ್ಪು ಸಾಲು ಕಂಡಳು. ಸಕ್ಕರೆ ಡಬ್ಬಿ ಎಲ್ಲಿ ಚೆಲ್ಲಿದೆ ಎಂದು ಅದರ ಹಿಂದೆಯೇ ಹೋದಳು. ಸಾಲು ಬಾಗಿಲ ಹತ್ತಿರ ಎರಡಾಗಿ ಒಡೆದಿತ್ತು. ಒಂದು ಕವಲು ಗೂಟಕ್ಕೆ ನೇತುಹಾಕಿದ್ದ ಅಮ್ಮನ ಹಾಡಿನ ಕ್ಲಾಸಿನ ಚೀಲಕ್ಕೆ ಹತ್ತಿತ್ತು. ಇನ್ನೊಂದು ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿದ್ದ ಗಂಡನ ಚೀಲದೊಳಕ್ಕೆ ಇಳಿದಿತ್ತು.

ಅವಳು ಊಟದ ಮೇಜಿನ ಹತ್ತಿರ ಬಂದಾಗ ಒಂದು ಕೈಯಲ್ಲಿ ಮೇಣದ ಗಾಯವಿತ್ತು, ಮೂಳೆಯ ಚೂರು ಹೊರಬಂದಂಥದ್ದು. ಇನ್ನೊಂದು ಕೈಯಲ್ಲಿ ರಕ್ತದಲ್ಲಿ ನೆಂದ ಗಂಡನ ಶರ್ಟು. ಅದನ್ನು ಚೀಲದಿಂದ ಎಳೆದ ಗಳಿಗೆಯಲ್ಲಿ ಜೀವ ಬಾಯಿಗೆ ಬಂದಿತ್ತು, ನಿಜವಾದ ರಕ್ತಕ್ಕೆ ಇಷ್ಟು ಇರುವೆ ಮುತ್ತುವುದಿಲ್ಲ ಎಂದು ಹೊಳೆದ ಮೇಲೆ ಜೀವ ಹಿಂತಿರುಗಿ, ಜೊತೆಗೆ ಸಿಟ್ಟನ್ನೂ ಕರೆತಂದಿತ್ತು.

"ಯಾರು ಮೊದಲು ಹೇಳ್ತೀರಿ?" ಅಂದಳು.

ತಾಯಿ ತನ್ನ ಪಾಲಿನದನ್ನು ಬೇಗ ಬೇಗ ಹೇಳಿ ಮುಗಿಸಿದಳು. ಅದಕ್ಕೆ ಮಗಳು, ನಿನ್ನ ಮೊಣಕಾಲಿನ ಕಥೆ ಆಮೇಲೆ ನೋಡ್ಕೋತೀನಿ ಎಂದು ಗಂಡನ ಕಡೆ ತಿರುಗಿದಳು. ಅವನು ಎದ್ದು ನಿಂತು ಹೇಳಿದ. ಹೊಳೆ, ಕೊಡ, ಗುಂಡು, ಮೂರು ತಿಂಗಳು. ಹೇಳುತ್ತಾ ಹೇಳುತ್ತಾ, ನೀನು ಬೇಡ ಅಂದ್ರೆ, ಎಂದು ಶುರುಮಾಡಿದವನು ಅತ್ತೆಯ ಮುಖ ನೋಡಿ ಆ ಮಾತನ್ನು ನುಂಗಿದ. ಹೋಗಬೇಕು ಅಂತಿದೀನಿ, ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ ಅಂದ. ಮಗಳು ಮೇಜಿನ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಎದ್ದು, ಶರ್ಟನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಕೋಣೆಯ ಬಾಗಿಲು ಹಾಕಿಕೊಂಡಳು. ಅಳಿಯ ಅತ್ತೆಯ ಕೋಣೆಯ ಹೊರಗೆ ಚಾಪೆ ಹಾಕಿಕೊಂಡು, ಇಲ್ಲಿ ಮಲಗಬಹುದಾ ಎಂದು ಕೇಳಿದ.

ಬೆಳಿಗ್ಗೆ ಅವರಿಬ್ಬರೂ ಕಳ್ಳರಂತೆ ಹೊರಡುವ ಹೊತ್ತಿಗೆ ಮಗಳು ತಲೆ ಬಾಚಿ, ಚೀಲ ತಗಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಂಗಡಿಗೆ ರಜ ಹಾಕಿದ್ದಾಗಿತ್ತು. ನಡೀರಿ, ಏನು ಕಲಿತಿದೀರೋ ನಾನೂ ನೋಡ್ತೀನಿ ಅಂದಳು.

ಅವತ್ತು ಕೊನೆಯ ಪರೀಕ್ಷೆ. ಮಗಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸುತ್ತಾರೆಂದು ಗಾಯಮ್ಮ ಅಂದುಕೊಂಡಿದ್ದಳು. ಆದರೆ ಮೇಷ್ಟ್ರು ಅವಳ ಕೆಂಪಗೆ ಊದಿಕೊಂಡ ಕಣ್ಣು, ಬಿಗಿದ ಮುಷ್ಟಿ ನೋಡಿ ಅಡಿಯಿಂದ ಮುಡಿಯವರೆಗೆ ಅಳೆದರು. ಗಾಬರಿಬಿದ್ದ ಬಂಧುವಿನ ಪಾತ್ರಕ್ಕೆ ಅವರು ಎಷ್ಟೋ ದಿನದಿಂದ ಜನ ಹುಡುಕುತ್ತಿದ್ದರಂತೆ. ಅತ್ತು ಕರೆದು, ಬಂದವನ ತೋಳು ಹಿಡಿದು ಎಳೆದರೆ ಸಾಕು, ನಟನೆ ಬೇಡ ಅಂದರು. ಅದು ಮಗಳಿಗೆ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ.

ಗಾಯಮ್ಮನಿಗೆ ಅಂದು ಮುರಿದ ಮುಂಗೈ ಮತ್ತು ಹಣೆಯ ಮೇಲೊಂದು ಸೀಳು. ರಕ್ತ ಬೇಕಾದಷ್ಟು, ಆದರೆ ಚಿಮ್ಮುವಂಥದ್ದಲ್ಲ. ಹಜಾರದ ಆ ತುದಿಯಲ್ಲಿ ಬಿದ್ದ ಬೀರುವಿನ ಹಿಂದೆ ನಿದ್ದೆರಾಯನನ್ನು ಮಲಗಿಸಿದ್ದರು. ಅವನ ಬೆನ್ನಿನಲ್ಲೊಂದು ಗಾಯವಿತ್ತು, ಮುಂದಿನಿಂದ ನೋಡಿದರೆ ಕಾಣುತ್ತಿರಲಿಲ್ಲ. ಇವತ್ತು ಎಚ್ಚರವಾಗಿರು ಮಾರಾಯ ಎಂದು ಮೇಷ್ಟ್ರು ಹೇಳಿದ್ದಕ್ಕೆ ತಲೆಯಾಡಿಸಿದವನು ಹೊಗೆ ಬಿಡುವ ಮೊದಲೇ ಗೊರಕೆ ಶುರುಮಾಡಿದ್ದ.

ಸದ್ದು ಹಾಕಿದರು. ಗಾಯಮ್ಮ ಚೀರಿದಳು. ಅಳಿಯ ಬಾಗಿಲಲ್ಲಿ ಕಾಣಿಸಿಕೊಂಡ. ಇಂದು ಒಪ್ಪಿಗೆ ಕೇಳಲಿಲ್ಲ, ಒಳಗೂ ಬರಲಿಲ್ಲ. ಅಲ್ಲೇ ನಿಂತು ಟಾರ್ಚನ್ನು ಮೇಲೆ ಕೆಳಗೆ ಆಡಿಸಿದ. ಸೂರಿನಿಂದ ನೇತಾಡುತ್ತಿದ್ದ ಕರೆಂಟಿನ ತಂತಿ ನೋಡಿದ, ಗೋಡೆಯ ಮೇಲಿನ ಮೇನ್ ಸ್ವಿಚ್ಚು ಹುಡುಕಿ ಆರಿಸಿದ. ಅಷ್ಟೂ ಹೊತ್ತು ಅವನ ಹೆಂಡತಿ ಅವನ ತೋಳಿಗೆ ಜೋತುಬಿದ್ದು, ನಮ್ಮಮ್ಮನ್ನ ನೋಡ್ರೀ, ಮೊದಲು ನಮ್ಮಮ್ಮನ್ನ ನೋಡ್ರೀ ಎಂದು ಜಗ್ಗುತ್ತಿದ್ದಳು. ನಿನ್ನೆ ರಾತ್ರಿಯ ಸಿಟ್ಟೆಲ್ಲ ಆ ಅಳುವಿನಲ್ಲಿತ್ತು.

ಅವನು ಅತ್ತೆಯ ಪಕ್ಕ ಬಂದು ಬಗ್ಗಿದ. ಗಾಯಮ್ಮ ತನ್ನ ಕಸುಬಿನ ಅಷ್ಟೂ ಪಟ್ಟುಗಳನ್ನು ಹೊರತೆಗೆದಳು. ನರಳಿದಳು. ಉಸಿರುಕಟ್ಟಿದವಳಂತೆ ಏದುಸಿರು ಬಿಟ್ಟಳು. ಅವನ ಪ್ಯಾಂಟಿನ ಅಂಚು ಹಿಡಿದುಕೊಂಡು, ನನ್ನ ಬಿಟ್ಟು ಹೋಗಬೇಡ, ಮಗಳಿಗೆ ಏನಂತ ಮುಖ ತೋರಿಸ್ತೀಯ ಎಂದು ಗೋಗರೆದಳು. ಮಗಳು ಪಕ್ಕದಲ್ಲೇ ನಿಂತಿರುವಾಗ ಆ ಮಾತಿಗೆ ಇನ್ನಷ್ಟು ತೂಕ ಬಂತು. ಅಳಿಯ ಅವಳ ಮೈಮೇಲೆಲ್ಲ ಸರಸರ ಟಾರ್ಚು ಆಡಿಸಿದ. ಆಮೇಲೆ ತಲೆ ಎತ್ತಿ ಕಿವಿಗೊಟ್ಟ. ಬೀರುವಿನ ಹಿಂದೆ ಗರಗರ ಸದ್ದು.

"ಅತ್ತೆ, ನೀವು ಇಷ್ಟು ಕೂಗ್ತಿದೀರಿ ಅಂದ್ರೆ ಉಸಿರಿಗೇನೂ ತೊಂದರೆಯಿಲ್ಲ," ಅಂದ. "ಕಾಯ್ತಾ ಇರಿ. ಅಲ್ಲಿ ಒಬ್ಬರು ಕೂಗ್ತಾ ಇಲ್ಲ."

ತೋಳಿಗೆ ಜೋತುಬಿದ್ದಿದ್ದ ಹೆಂಡತಿಯ ಕೈ ಬಿಡಿಸಿ, ಅದೇ ಕೈಯಲ್ಲಿ ಒಂದು ಬಟ್ಟೆಯ ಮಡಿಕೆ ಇಟ್ಟು, ಅವಳನ್ನು ಅಮ್ಮನ ತಲೆಯ ಹತ್ತಿರ ಕೂರಿಸಿದ. "ಇಲ್ಲಿ ಒತ್ತಿ ಹಿಡಿ. ಏನಾದರೂ ಸರಿ, ತೆಗೆದು ನೋಡಬೇಡ. ಅಮ್ಮನ ಜೊತೆ ಮಾತಾಡ್ತಾ ಇರು."

ಹೇಳಿ, ಅತ್ತೆಯ ಬೆರಳುಗಳಿಂದ ಪ್ಯಾಂಟು ಬಿಡಿಸಿಕೊಂಡು, ಅವಳನ್ನು ದಾಟಿಯೇ ಹೋಗಿಬಿಟ್ಟ. ಮಲಗಿದ್ದ ಅತ್ತೆಯ ಮೇಲೆ ಕಾಲೆತ್ತಿ ದಾಟಿದ. ಫ್ಯಾನು ಹಾಕಲೂ ಒಪ್ಪಿಗೆ ಕೇಳುತ್ತಿದ್ದವನು. ಗಾಯಮ್ಮನಿಗೆ ಎಷ್ಟು ಅವಮಾನವಾಯಿತೆಂದರೆ ಅರೆಗಳಿಗೆ ಚೀರುವುದನ್ನೇ ಮರೆತಳು. ಅವಳ ಅಷ್ಟು ದಿನದ ಕಸುಬಿನಲ್ಲಿ ಯಾವ ತಂಡದವನೂ ಅವಳ ದನಿಯನ್ನು ಹೀಗೆ ಹಿಂದೆ ಹಾಕಿ ನಡೆದಿರಲಿಲ್ಲ. ಆ ಅವಮಾನದ ಬೆನ್ನಿಗೇ ಕಣ್ಣಲ್ಲಿ ನೀರು ಬಂತು, ಪಾಕದ್ದಲ್ಲದ ನೀರು. ಅವಳ ಹಣೆ ಒತ್ತಿ ಹಿಡಿದಿದ್ದ ಮಗಳು ಅಳು ನಿಲ್ಲಿಸಿದ್ದಳು. ಕೈ ಕದಲಿಸದೆ ಕತ್ತು ಮಾತ್ರ ತಿರುಗಿಸಿ ಗಂಡ ಹೋದ ದಿಕ್ಕನ್ನೇ ನೋಡುತ್ತಿದ್ದಳು.

ಬೀರುವಿನ ಹಿಂದೆ ಅಳಿಯ ನಿದ್ದೆರಾಯನ ದವಡೆ ಮುಂದಕ್ಕೆತ್ತಿದ. ಗೊರಕೆ ನಿಂತಿತು. ಅವನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಬೆನ್ನ ಮೇಲೆ ಕೈಯಿಟ್ಟು ಮೇಲಿಂದ ಕೆಳಕ್ಕೆ ಎಳೆದ. ಅಂಗೈ ಕೆಂಪಾಗಿ ಹೊರಬಂತು. ಗಾಯ ಸಿಕ್ಕಿತು ಎಂದು ಬಟ್ಟೆ ಒತ್ತಿದ. ತಣ್ಣನೆಯ ಕೈ ಬೆನ್ನಿಗೆ ತಾಗಿದ್ದೇ ನಿದ್ದೆರಾಯನಿಗೆ ಎಚ್ಚರವಾಯಿತು. ಕಣ್ಣು ಬಿಟ್ಟು, ಎದುರಿಗಿದ್ದ ಟಾರ್ಚು, ಹೊಗೆ, ಬೆವೆತ ಮುಖ ಎಲ್ಲ ನೋಡಿ, "ಕಟಿಂಗೋ, ಶೇವಿಂಗೋ?" ಎಂದು ಕೇಳಿದ. ಹಜಾರದಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಅಳಿಯನ ಭುಜದ ಮೇಲೆ ಕೈಯಿಟ್ಟು, ಈ ಹೆಂಗಸನ್ನು ದಾಟಿ ಹೋದ ಮೊದಲನೆಯವನು ನೀನೇ, ಹೋಗಿಬಾ ಅಂದರು.

ಮನೆಗೆ ಬರುವ ಬಸ್ಸಿನಲ್ಲಿ ಮಗಳು ನಡುವೆ ಕೂತಳು. ಅರ್ಧ ದಾರಿಯಲ್ಲಿ ಅವಳು ಗಂಡನ ಅಂಗೈ ಎಳೆದುಕೊಂಡು, ಕರವಸ್ತ್ರ ಒದ್ದೆ ಮಾಡಿ, ಉಗುರುಗಳ ಸಂದಿಯ ಕೆಂಪನ್ನು ಒಂದೊಂದಾಗಿ ತೆಗೆಯತೊಡಗಿದಳು. ಹೋಗ್ರೀ, ಆದರೆ ಇನ್ನೊಂದು ಸಲ ಸಮುದ್ರ ಗಿಮುದ್ರ ಅಂತ ಕಥೆ ಹೇಳಿದ್ರೆ ನಾನೇ ನಿಮಗೆ ಗಾಯ ಮಾಡ್ತೀನಿ ಅಂದಳು.

ಅವನು ಹೋದ. ದಿನಾ ಸಂಜೆ ಫೋನು ಬರುತ್ತಿತ್ತು. ಪಂಪಿನ ಸುದ್ದಿ, ಪೈಪಿನ ಸುದ್ದಿ, ಯಾವ ಬೀದಿಗೆ ನೀರು ಬಂತು ಎಂಬ ಸುದ್ದಿ. ಒಂದು ಸಂಜೆ ಮಾತ್ರ ದನಿ ಬೇರೆಯಾಗಿತ್ತು. ಫೋನಿನ ಸ್ಪೀಕರ್ ಹಾಕು, ಅತ್ತೆಗೂ ಕೇಳಲಿ ಅಂದ. ಬೆಳಿಗ್ಗೆ ಪೈಪು ಸಾಗಿಸುವ ಲಾರಿಯ ಚಾಲಕನ ಕಾಲಿಗೆ ಸಿಡಿದ ಲೋಹದ ಚೂರು ಬಡಿದಿತ್ತಂತೆ. ಇವನು ಅವನ ಎದುರಿಗೇ ನಿಂತಿದ್ದನಂತೆ. ಪಟ್ಟಿ ಕಟ್ಟಿದೆ, ಬಿಗಿಯಾಗಿ ಕಟ್ಟಿದೆ, ಆಸ್ಪತ್ರೆಗೆ ಸೇರಿಸಿದೆವು, ಜೀವಕ್ಕೆ ಭಯವಿಲ್ಲ ಅಂದಿದ್ದಾರೆ ಎಂದು ಹೇಳಿದ. ಊಟ ಮಾಡಿದೆಯೇನೋ ಎಂದು ಗಾಯಮ್ಮ ಕೇಳಿದಳು. ಮಾಡ್ತೀನಿ ಅಂದ.

ಫೋನಿಟ್ಟ ಮೇಲೆ ಮಗಳು ತಾಯಿಯ ಎದುರಿಗೆ ಬಂದಳು. ಆ ಪಟ್ಟೀನ ಹೇಗೆ ಕಟ್ಟೋದು, ನನಗೂ ತೋರಿಸು ಅಂದಳು. ಗಾಯಮ್ಮ ತನ್ನ ಚೀಲದಿಂದ ಪಟ್ಟಿ ತಂದು, ಕುರ್ಚಿಯ ಮೇಲೆ ಕೂತು ತೋಳು ಚಾಚಿದಳು. ಮೇಲೆ ಸುತ್ತು, ಎಳೆ, ಕೋಲು ತಿರುಗಿಸು ಎಂದು ಹೇಳಿಕೊಟ್ಟಳು. ಇವಳೂ ಗಂಡನ ಹಾಗೆ ಮೆತ್ತಗೆ ಶುರುಮಾಡಿಯಾಳು, ಆಮೇಲೆ ಗದರಿದರಾಯಿತು ಎಂದು ನಿಶ್ಚಿಂತೆಯಾಗಿ ಕೂತಿದ್ದಳು. ಆದರೆ ಮಗಳ ಕೈಗೆ ಆ ಹೊತ್ತಿನಲ್ಲಿ ಏನಾಗಿತ್ತೋ, ಗಂಡ ಎದುರಿಗೆ ನಿಂತಿದ್ದ ಆ ಲಾರಿ, ಆ ಚೂರು, ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಹಿಂಡುವವಳಂತೆ ತಿರುಗಿಸಿದಳು.

ಗಾಯಮ್ಮ ಚೀರಿದಳು. ಗಿರಣಿಯ ಗೋಡೆಗಳಿಗಾದರೆ ಅಭ್ಯಾಸವಿತ್ತು, ಈ ಕಟ್ಟಡಕ್ಕಿರಲಿಲ್ಲ. ಮೇಲಿನ ಮಹಡಿಯಲ್ಲಿ ಪಾತ್ರೆ ಬಿದ್ದ ಸದ್ದು, ಮೆಟ್ಟಿಲ ಮೇಲೆ ದಡದಡ ಕಾಲುಗಳ ಸದ್ದು. ಅರೆಗಳಿಗೆಯಲ್ಲಿ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ದರ್ಜಿ ಕತ್ತರಿ ಹಿಡಿದು, ಮೇಲಿನ ಮನೆಯ ಅಜ್ಜಿ ಊರುಗೋಲು ಎತ್ತಿ ಹಿಡಿದು, ಅವರ ಹಿಂದೆ ಇನ್ನೂ ಯಾರ್ಯಾರೋ ಬಂದು ನಿಂತಿದ್ದರು. ಏನಾಯಿತು ಏನಾಯಿತು ಎಂದು ಎಲ್ಲರೂ ಒಟ್ಟಿಗೆ ಕೇಳಿದರು.

ಮಗಳು ತಾಯಿಯ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡುತ್ತಿದ್ದಳು. ನಿಂತಿದೆ ಎಂದು ಖಾತ್ರಿಯಾದ ಮೇಲೆ ತಲೆ ಎತ್ತಿ, ಬಂದದ್ದು ಒಳ್ಳೇದಾಯ್ತು, ಒಳಗೆ ಬಂದು ಸಾಲಾಗಿ ಕೂತ್ಕೊಳ್ಳಿ ಅಂದಳು. ದರ್ಜಿಗೆ ಮೊದಲು ಶರ್ಟಿನ ತೋಳು ಮಡಚಲು ಹೇಳಿದ್ದಾಯಿತು. ಅವನು ಒಮ್ಮೆ ಗಾಯಮ್ಮನ ಮುಖ ನೋಡಿದ, ಒಮ್ಮೆ ಆ ಪಟ್ಟಿ ನೋಡಿದ, ಆಮೇಲೆ ಅಜ್ಜಿಯನ್ನು ಮುಂದಕ್ಕೆ ಬಿಟ್ಟ.